ನಕ್ಷೆಯ ಮೇಲೆ ಚುಕ್ಕೆ ನಿಂತ ಎರಡು ದಿನ

ನಾಲ್ಕು ಜನ, 12 ಮೀಟರ್ ಉದ್ದದ ಒಂದು ಹಾಯಿದೋಣಿ. ಕೆನರಿ ದ್ವೀಪಗಳಿಂದ ಕೆರಿಬಿಯನ್‌ನ ಮಾರ್ಟಿನೀಕ್‌ವರೆಗೆ ಅಟ್ಲಾಂಟಿಕ್ ಪಯಣ. ಹಿಡಿಯುವ ದಾರಿಯನ್ನು ಅವಲಂಬಿಸಿ ದೂರ ಸುಮಾರು 2,800 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ ಸುಮಾರು 1.85 ಕಿಲೋಮೀಟರ್). ಹದಿಮೂರನೇ ದಿನ ದೋಣಿಯಿಂದ ಸುದ್ದಿ ಬರುವುದು ನಿಂತುಹೋಯಿತು.

ಈ ಬರಹದಲ್ಲಿ ದೋಣಿಗಿಂತ ಜಾಸ್ತಿ ಜಾಗ ದಡದಲ್ಲಿ ಕೂತವರಿಗೆ ಕೊಟ್ಟಿದ್ದೇನೆ. ದೋಣಿ ನಡೆಸುವವರಿಗೆ ತರಬೇತಿ ಇರುತ್ತದೆ, ಓದಿಕೊಳ್ಳಲು ಪುಸ್ತಕಗಳೂ ಇರುತ್ತವೆ. ದೋಣಿ ಎಲ್ಲಿದೆ ಎಂದು ತೋರಿಸುವ ಪರದೆಯ ಮೇಲಿನ ಚುಕ್ಕೆಯನ್ನೇ ನೋಡುತ್ತಾ ಕೂರುವ ಮನೆಯವರಿಗೆ ಹೇಳಿಕೊಡುವವರು ಕಡಿಮೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಅವರ ಸಂದೇಶಗಳನ್ನೂ ದೋಣಿಯ ಲಾಗ್ ಪುಸ್ತಕವನ್ನೂ ನೋಡಿ ಬರೆದಿದ್ದು ಇದು. ಹೆಸರು, ದೇಶ, ವರ್ಷ, ದೋಣಿಯ ಗುರುತು ಎಲ್ಲವನ್ನೂ ಬಿಟ್ಟಿದ್ದೇನೆ. ದೋಣಿ ಇದ್ದ ಜಾಗದ ಅಂಕಿಗಳನ್ನೂ ತುಸು ಬದಲಿಸಿದ್ದೇನೆ.

ಹಿನ್ನೆಲೆ

ಸ್ಕಿಪ್ಪರ್, ಅಂದರೆ ದೋಣಿಯ ಹೊಣೆ ಹೊತ್ತವರು, ಒಬ್ಬ ಮಹಿಳೆ. ಕರಾವಳಿಯಲ್ಲಿ ವರ್ಷಗಟ್ಟಲೆ ದೋಣಿ ನಡೆಸಿದವರು, ಮಹಾಸಾಗರ ದಾಟುವುದು ಮಾತ್ರ ಮೊದಲ ಸಲ. ಜೊತೆಗೆ ಅವರ ಗಂಡ ಮತ್ತು ಇಬ್ಬರು ಗೆಳೆಯರು. ದಡದ ಸಂಪರ್ಕಕ್ಕೆ ಅವರ ತಮ್ಮ. ತಮ್ಮನಿಗೆ ಹಾಯಿದೋಣಿಯ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ. ಆದರೆ ನಡುರಾತ್ರಿ ಕರೆ ಬಂದರೂ ಫೋನ್ ಎತ್ತುವ ಮನುಷ್ಯ, ಗಾಬರಿ ಬೀಳುವುದೂ ಕಡಿಮೆ. ಆ ಎರಡು ಗುಣ ನೋಡಿಯೇ ಅಕ್ಕ ಅವರನ್ನು ಆರಿಸಿದ್ದು. ಒಳ್ಳೆಯ ಆಯ್ಕೆ ಅಂತ ಈಗಲೂ ನನಗನಿಸುತ್ತದೆ. ಅರ್ಧಂಬರ್ಧ ತಿಳಿದವರನ್ನು ಈ ಕೆಲಸಕ್ಕೆ ಹಾಕಿದರೆ ಅವರು ದಡದಿಂದಲೇ ದೋಣಿ ನಡೆಸಲು ಹೊರಡುತ್ತಾರೆ.

ನವೆಂಬರ್ ಕೊನೆಯಲ್ಲಿ ಕೆನರಿಯ ಲಾಸ್ ಪಾಲ್ಮಾಸ್ ಬಂದರಿನಿಂದ ಹೊರಟರು. ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಅಂತ ಲೆಕ್ಕ ಇಟ್ಟಿರುವುದು ಜೂನ್ 1ರಿಂದ ನವೆಂಬರ್ 30ರವರೆಗೆ. ಅದು ಮುಗಿಯುವ ಹೊತ್ತಿಗೆ ಈಶಾನ್ಯದ ವಾಣಿಜ್ಯ ಮಾರುತ ನೆಲೆಗೊಳ್ಳತೊಡಗುತ್ತದೆ. ಹಾಗಾಗಿ ಪ್ರತಿ ವರ್ಷ ಈ ದಿನಗಳಲ್ಲಿ ನೂರಾರು ದೋಣಿಗಳು ಇದೇ ದಾರಿ ಹಿಡಿಯುತ್ತವೆ. 1986ರಲ್ಲಿ ಶುರುವಾದ ಎಆರ್‌ಸಿ ಎಂಬ ಸಾಮೂಹಿಕ ಪಯಣವೂ ಇಲ್ಲಿಂದಲೇ ಹೊರಡುವುದು. ಇವರು ಅದರಲ್ಲಿ ಸೇರಿರಲಿಲ್ಲ, ತಮ್ಮ ಪಾಡಿಗೆ ತಾವು ಹೊರಟಿದ್ದರು.

ದೋಣಿಯಲ್ಲಿ ಉಪಗ್ರಹದ ಮೂಲಕ ನಾಲ್ಕು ಗಂಟೆಗೊಮ್ಮೆ ಜಾಗ ತಿಳಿಸುವ ಒಂದು ಟ್ರ್ಯಾಕರ್ ಇತ್ತು. ಒಂದು ಉಪಗ್ರಹ ಫೋನ್, ಹತ್ತಿರದ ಹಡಗುಗಳ ಜೊತೆ ಮಾತಾಡುವ ವಿಎಚ್‌ಎಫ್ ರೇಡಿಯೊ, ಎಐಎಸ್ ಇದ್ದವು. ಎಐಎಸ್ ಅಂದರೆ ದೋಣಿಯ ಗುರುತು, ವೇಗ, ದಿಕ್ಕುಗಳನ್ನು ಸುತ್ತಲಿನ ಹಡಗುಗಳಿಗೆ ರೇಡಿಯೊದಲ್ಲಿ ಸಾರುವ ಸಾಧನ. ಸಣ್ಣ ದೋಣಿಗಳಲ್ಲಿರುವ ಸಾಮಾನ್ಯ ಎಐಎಸ್‌ನ ಶಕ್ತಿ 2 ವಾಟ್ ಅಷ್ಟೇ. ನಡುಸಾಗರದಲ್ಲಿ ಅದನ್ನೇ ನಂಬಿ ದಡದಿಂದ ಹಿಂಬಾಲಿಸುತ್ತೇವೆ ಅಂದರೆ ಆಗದ ಮಾತು. ಇವೆಲ್ಲ ಕೈಕೊಟ್ಟರೆ ಅಂತ ಇಪರ್ಬ್ ಇತ್ತು. ಗುಂಡಿ ಒತ್ತಿದರೆ 406 ಮೆಗಾಹರ್ಟ್ಜ್‌ನಲ್ಲಿ ಕಾಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ರಕ್ಷಣಾ ಜಾಲದ ಉಪಗ್ರಹಗಳಿಗೆ ಅಪಾಯದ ಸಂಕೇತ ಕಳಿಸುವ ಸಾಧನ ಅದು. ಅದರ ನೋಂದಣಿಯಲ್ಲಿ ತಮ್ಮನ ಫೋನ್ ನಂಬರ್ ಕೊಟ್ಟಿದ್ದರು. ಇಪರ್ಬ್ ಕೂಗಿಕೊಂಡರೆ ರಕ್ಷಣಾ ಕೇಂದ್ರದವರು ಮೊದಲು ಫೋನ್ ಮಾಡುವುದು ಆ ನಂಬರಿಗೆ. ಇಂಥ ಸಂಕೇತಗಳಲ್ಲಿ ಬಹುಪಾಲು ಕೈತಪ್ಪಿನಿಂದ ಬಂದವಾಗಿರುತ್ತವೆ. ಅದಕ್ಕೇ ಅವರು ವಿಚಾರಿಸುವುದು.

ಒಂದು ಪುಟದ ಯೋಜನೆಯನ್ನೂ ಬರೆದಿಟ್ಟಿದ್ದರು. 24 ಗಂಟೆ ಸುದ್ದಿ ಇಲ್ಲದಿದ್ದರೆ ಸಂದೇಶ ಕಳಿಸುವುದು. 48 ಗಂಟೆ ಆದರೆ ರಕ್ಷಣಾ ಕೇಂದ್ರಕ್ಕೆ ತಿಳಿಸುವುದು. ಇಪರ್ಬ್ ಕರೆ ಬಂದರೆ ಮರುಯೋಚನೆ ಬೇಡ, ನಿಜವೆಂದೇ ತಿಳಿಯುವುದು. ಪುಟದ ಹಿಂಬದಿಯಲ್ಲಿ ದೋಣಿಯ ಬಣ್ಣ, ಹಾಯಿಯ ಬಣ್ಣ, ಎಂಎಂಎಸ್‌ಐ ಎಂಬ ಒಂಬತ್ತು ಅಂಕಿಯ ರೇಡಿಯೊ ಗುರುತಿನ ಸಂಖ್ಯೆ, ಇಪರ್ಬ್‌ನ 15 ಅಕ್ಷರಗಳ ಗುರುತು, ಲೈಫ್‌ರಾಫ್ಟ್‌ನ (ಜೀವ ಉಳಿಸುವ ತೆಪ್ಪದ) ವಿವರ, ಯಾರು ಯಾವ ಮಾತ್ರೆ ನುಂಗುತ್ತಾರೆ ಅನ್ನುವುದು. ಮುಂದೆ ಕೆಲಸಕ್ಕೆ ಬಂದಿದ್ದು ಈ ಹಿಂಬದಿ.

ಮೊದಲ ವಾರದ ಗದ್ದಲ

ಚುಕ್ಕೆಯನ್ನು ನೋಡುವವರು ಮೂವತ್ತರ ಮೇಲಿದ್ದರು. ನೆಂಟರು, ಸ್ನೇಹಿತರು, ಆಫೀಸಿನವರು. ಎಲ್ಲರಿಗೂ ಲಿಂಕ್ ಹೋಗಿತ್ತು, ಎಲ್ಲರೂ ಒಂದೇ ವಾಟ್ಸಾಪ್ ಗುಂಪಿನಲ್ಲಿದ್ದರು. ಮೂರನೇ ದಿನಕ್ಕೇ ಮೊದಲ ಪ್ರಶ್ನೆ ಬಂತು: ಇವರು ಪಶ್ಚಿಮಕ್ಕೆ ಹೋಗಬೇಕಲ್ವಾ, ದಕ್ಷಿಣಕ್ಕೆ ಯಾಕೆ ಹೋಗ್ತಿದ್ದಾರೆ?

ಉತ್ತರ ಸರಳ. ಕೆನರಿಯಿಂದ ನೇರ ಪಶ್ಚಿಮಕ್ಕೆ ಹೊರಟರೆ ಗಾಳಿ ನಂಬುವಂಥದ್ದಲ್ಲ. ಮೊದಲು ನೈಋತ್ಯಕ್ಕೆ, ಕೇಪ್ ವರ್ಡೆ ದಿಕ್ಕಿಗೆ ಇಳಿದು, ವಾಣಿಜ್ಯ ಮಾರುತ ಸಿಕ್ಕ ಮೇಲೆ ಬಲಕ್ಕೆ ತಿರುಗಬೇಕು. ಬೆಣ್ಣೆ ಕರಗುವವರೆಗೂ ದಕ್ಷಿಣಕ್ಕೆ ಹೋಗು ಅಂತ ನಾವಿಕರು ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಗುಂಪಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಆರನೇ ದಿನ ರಾತ್ರಿ ವೇಗ 6 ನಾಟ್‌ನಿಂದ (ಗಂಟೆಗೆ 6 ನಾಟಿಕಲ್ ಮೈಲಿ) 2ಕ್ಕೆ ಇಳಿಯಿತು. ಹಾಗೇ ಹನ್ನೆರಡು ಗಂಟೆ ಮುಂದುವರಿಯಿತು. ಗುಂಪಿನಲ್ಲಿ ಊಹೆಗಳು ಹಾರಾಡಿದವು: ಚುಕ್ಕಾಣಿ ಮುರಿದಿರಬೇಕು, ತಿಮಿಂಗಿಲ ಬಡಿದಿರಬೇಕು, ಯಾರಿಗೋ ಹುಷಾರಿಲ್ಲ. ಹಲವರು ನೇರವಾಗಿ ದೋಣಿಗೇ ಸಂದೇಶ ಕಳಿಸಿದರು. ಒಬ್ಬರು ಹವಾಮಾನ ನಕ್ಷೆ ನೋಡಿ, ಇನ್ನೂ ದಕ್ಷಿಣಕ್ಕೆ ಹೋಗಿ ಎಂದು ಸಲಹೆ ಕೊಟ್ಟರು. ಬೆಳಿಗ್ಗೆ ಸ್ಕಿಪ್ಪರ್‌ರಿಂದ ಉತ್ತರ ಬಂತು: "ಗಾಳಿ ಇಲ್ಲ. ಎಲ್ಲರೂ ಸ್ನಾನ ಮಾಡಿದೆವು. ದಯವಿಟ್ಟು ಒಬ್ಬರೇ ಬರೆಯಿರಿ."

ತಮ್ಮ ಅದನ್ನು ಗಂಭೀರವಾಗಿ ತೆಗೆದುಕೊಂಡರು. ಅವತ್ತಿನಿಂದ ದೋಣಿಗೆ ಬರೆಯುವುದು ತಾನೊಬ್ಬನೇ ಎಂದು ಗುಂಪಿಗೆ ತಿಳಿಸಿದರು. ದಿನಕ್ಕೊಮ್ಮೆ ಒಂದೇ ಹೊತ್ತಿಗೆ ನಾಲ್ಕು ಸಾಲಿನ ವರದಿ ಹಾಕತೊಡಗಿದರು. ನಿನ್ನೆ ಎಷ್ಟು ಮೈಲಿ, ಗಾಳಿ ಎತ್ತಲಿಂದ, ಇನ್ನೆಷ್ಟು ದೂರ, ದೋಣಿಯವರು ಹೇಳಿದ್ದೇನು. ಗದ್ದಲ ಅರ್ಧಕ್ಕರ್ಧ ಇಳಿಯಿತು. ಇದನ್ನು ಹೊರಡುವ ಮುಂಚೆಯೇ ಗೊತ್ತು ಮಾಡಿಕೊಳ್ಳಬಹುದಿತ್ತು, ನಿಜ. ಆದರೆ ಇಂಥ ಶಿಸ್ತು ಬೇಕು ಅಂತ ಜನ ಒಪ್ಪುವುದು ಒಂದು ಸಲ ಗದ್ದಲ ಆದ ಮೇಲೇ.

ಚುಕ್ಕೆ ಹೇಳುವುದು ಸಾಧನ ಎಲ್ಲಿದೆ ಅನ್ನುವುದನ್ನು ಮಾತ್ರ. ಅದರ ಜೊತೆಗಿರುವ ಜನ ಹೇಗಿದ್ದಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಒಂಟಿಯಾಗಿ ಜಗತ್ತು ಸುತ್ತುವ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿದ್ದ ಭಾರತದ ನಾವಿಕ ಅಭಿಲಾಷ್ ಟೋಮಿಯವರ ದೋಣಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಹಾಯಿಕಂಬ ಮುರಿಯಿತು, ಅವರ ಬೆನ್ನಿಗೆ ಜೋರು ಪೆಟ್ಟು ಬಿತ್ತು. ಏಳಲು ಆಗುತ್ತಿಲ್ಲ ಎಂದು ದಡಕ್ಕೆ ತಿಳಿದದ್ದು ಅವರು ಮಲಗಿದಲ್ಲಿಂದಲೇ ಕಳಿಸಿದ ಪುಟ್ಟ ಸಂದೇಶಗಳಿಂದ. ಮೂರು ದಿನದ ಮೇಲೆ ಒಸಿರಿಸ್ ಎಂಬ ಫ್ರೆಂಚ್ ಹಡಗು ಅವರನ್ನು ಎತ್ತಿಕೊಂಡಿತು. ಚುಕ್ಕೆಯೊಂದನ್ನೇ ನೋಡಿದ್ದರೆ ಅದು ನಿಧಾನವಾಗಿ ತೇಲುತ್ತಿತ್ತು ಅಷ್ಟೇ. ನಮ್ಮ ದೋಣಿಯ ಆರನೇ ರಾತ್ರಿಯ ಚುಕ್ಕೆಯೂ ನಿಧಾನವಾಗಿಯೇ ತೇಲುತ್ತಿತ್ತು. ಅಲ್ಲಿ ನಾಲ್ಕು ಜನ ಸ್ನಾನ ಮಾಡುತ್ತಿದ್ದರು.

ಸುದ್ದಿ ನಿಂತಿತು

ಹದಿಮೂರನೇ ದಿನ ಯುಟಿಸಿ (ಜಾಗತಿಕ ಪ್ರಮಾಣ ಸಮಯ) 20:00ಕ್ಕೆ ಕೊನೆಯ ಚುಕ್ಕೆ ಬಂತು. ಅಕ್ಷಾಂಶ 16.42 ಉತ್ತರ, ರೇಖಾಂಶ 41.30 ಪಶ್ಚಿಮ. ವೇಗ 6 ನಾಟ್. ಅರ್ಧಕ್ಕಿಂತ ಹೆಚ್ಚು ದಾರಿ ಮುಗಿದಿತ್ತು. 00:00ಕ್ಕೆ ಬರಬೇಕಾದ ಚುಕ್ಕೆ ಬರಲಿಲ್ಲ. 04:00ಕ್ಕೂ ಇಲ್ಲ, 08:00ಕ್ಕೂ ಇಲ್ಲ.

ತಪ್ಪು ಉಪಗ್ರಹದ ಕಡೆಯದಾ ಅಂತ ತಮ್ಮ ಮೊದಲು ನೋಡಿದರು. ಅದೇ ಜಾಲ ಬಳಸುವ ಬೇರೆ ದೋಣಿಗಳ ಚುಕ್ಕೆಗಳು ಅದೇ ಸಾಗರದಲ್ಲಿ ಸರಾಗವಾಗಿ ಸಾಗುತ್ತಿದ್ದವು. ಅಂದರೆ ತೊಂದರೆ ಇವರ ದೋಣಿಯಲ್ಲೇ. ಉಪಗ್ರಹ ಫೋನ್ ಆಫ್. ಕಳಿಸಿದ ಸಂದೇಶ ತಲುಪಿದ ಗುರುತಿಲ್ಲ. ಇಪರ್ಬ್ ಕರೆ ಬಂದಿಲ್ಲ.

ಇಪರ್ಬ್ ಸುಮ್ಮನಿದ್ದದ್ದಕ್ಕೆ ಎಷ್ಟು ಬೆಲೆ ಕೊಡಬೇಕು? ಅವರ ಇಪರ್ಬ್ ಕೈಯಿಂದಲೇ ಒತ್ತಬೇಕಾದ ಬಗೆಯದು. ದೋಣಿ ಮುಳುಗಿದರೆ ತಾನಾಗಿ ಬಿಡಿಸಿಕೊಂಡು ಮೇಲೆ ತೇಲುವಂಥದ್ದಲ್ಲ. ಹಾಗಾಗಿ ಅದು ಸುಮ್ಮನಿದೆ ಅಂದ ಮಾತ್ರಕ್ಕೆ ಎಲ್ಲ ಸರಿಯಿದೆ ಅಂತಲ್ಲ. ಆದರೆ ನಾಲ್ಕು ಜನರಲ್ಲಿ ಒಬ್ಬರಿಗೂ ಗುಂಡಿ ಒತ್ತುವಷ್ಟು ಪುರುಸೊತ್ತು ಸಿಗದೆ ದೋಣಿ ಕಾಣೆಯಾಗುವುದು ಅಪರೂಪ. ತಮ್ಮ ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡರು. ಅದು ಹೇಳಿದಷ್ಟು ಸುಲಭವಲ್ಲ, ಪಕ್ಕದಲ್ಲಿ ಅಮ್ಮ ಕೂತಿದ್ದರು.

ಗುಂಪಿನಲ್ಲಿ ಆ ಹೊತ್ತಿಗೆ ಒಂದು ಹೊಸ ಮಾತು ಹುಟ್ಟಿಕೊಂಡಿತ್ತು: ದೋಣಿ ನಿಂತುಬಿಟ್ಟಿದೆ. ನಕ್ಷೆಯಲ್ಲಿ ನೋಡಿದರೆ ಹಾಗೇ ಕಾಣುತ್ತದೆ. ಕೊನೆಯ ಚುಕ್ಕೆ ಅಲ್ಲೇ ಕೂತಿರುತ್ತದೆ, ಪಕ್ಕದಲ್ಲಿ 6 ನಾಟ್ ಅಂತಲೂ ಬರೆದಿರುತ್ತದೆ. ಸಣ್ಣ ಅಕ್ಷರದಲ್ಲಿರುವ ಗಂಟೆಯನ್ನು ಯಾರೂ ಓದುವುದಿಲ್ಲ. ನಿಂತದ್ದು ಸುದ್ದಿ. ದೋಣಿ ಬಹುಶಃ ಆಗಲೇ ನೂರು ಮೈಲಿ ಮುಂದೆ ಹೋಗಿತ್ತು. ಈ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ತಪ್ಪು ದಾರಿಗೆ ಎಳೆದದ್ದು ಆ ಚುಕ್ಕೆಯ ಚಿತ್ರವೇ.

ಮೂವತ್ತನೇ ಗಂಟೆಯ ಕರೆ

ಯೋಜನೆ ಪ್ರಕಾರ 48 ಗಂಟೆ ಕಾಯಬೇಕಿತ್ತು. ತಮ್ಮ 30 ಗಂಟೆಗೇ ರಕ್ಷಣಾ ಸಮನ್ವಯ ಕೇಂದ್ರಕ್ಕೆ ಫೋನ್ ಮಾಡಿದರು. ಟ್ರ್ಯಾಕರ್ ಒಂದೇ ಕೆಟ್ಟಿದ್ದರೆ ಅಕ್ಕ ಫೋನಿನಿಂದ ಒಂದು ಸಾಲು ಕಳಿಸುತ್ತಿದ್ದಳು. ಎರಡು ದಾರಿಗಳೂ ಒಟ್ಟಿಗೆ ಮುಚ್ಚಿದ್ದವು. ಯೋಜನೆ ಬರೆಯುವಾಗ ಇದನ್ನು ಯಾರೂ ಊಹಿಸಿರಲಿಲ್ಲ. ಬರೆದ ಕಾಗದಕ್ಕಿಂತ ಪರಿಸ್ಥಿತಿ ಬೇರೆಯಾಗಿದೆ ಅನ್ನುವುದೇ ಅವರ ಕಾರಣ.

ಅವರು ಕೇಳಿದ ರೀತಿ ಗಮನಿಸಬೇಕಾದದ್ದು. ಕಾಪಾಡಿ ಎನ್ನಲಿಲ್ಲ. ಒಂದು ದೋಣಿ ಜಾಗ ತಿಳಿಸುವುದನ್ನು ನಿಲ್ಲಿಸಿದೆ, ಅಪಾಯದ ಸಂಕೇತ ಬಂದಿಲ್ಲ, ನಿಮ್ಮ ಗಮನಕ್ಕೆ ತರುತ್ತಿದ್ದೇನೆ ಎಂದರು. ತುಂಬಾ ಜನ ಫೋನ್ ಮಾಡಲು ಹಿಂಜರಿಯುವುದು, ಮಾಡಿದರೆ ತಕ್ಷಣ ವಿಮಾನ ಹಾರುತ್ತದೆ ಎಂಬ ಅಳುಕಿನಿಂದ. ಹಾಗಾಗುವುದಿಲ್ಲ. ಕಡಲಿನ ಶೋಧ ಮತ್ತು ರಕ್ಷಣೆಯ 1979ರ ಅಂತರರಾಷ್ಟ್ರೀಯ ಒಪ್ಪಂದದಲ್ಲೇ ಮೂರು ಹಂತಗಳಿವೆ: ಅನಿಶ್ಚಿತತೆ, ಎಚ್ಚರಿಕೆ, ಅಪಾಯ. ಬರಬೇಕಾದ ಜಾಗದ ವರದಿ ಬರದಿದ್ದರೆ ಅದು ಮೊದಲ ಹಂತ. ಆ ಹಂತದಲ್ಲಿ ಕೇಂದ್ರದವರು ಫೈಲ್ ತೆರೆಯುತ್ತಾರೆ, ವಿಚಾರಿಸುತ್ತಾರೆ. ಬೇಗ ಫೋನ್ ಮಾಡಿದರೆ ಅವರಿಗೆ ಅನುಕೂಲವೇ.

ಪಾಳಿಯಲ್ಲಿದ್ದ ಅಧಿಕಾರಿ ಕೇಳಿದ ಪ್ರಶ್ನೆಗಳಿಗೆಲ್ಲ ಆ ಪುಟದ ಹಿಂಬದಿಯಲ್ಲಿ ಉತ್ತರ ಇತ್ತು. ಇಲ್ಲದಿದ್ದ ಪ್ರಶ್ನೆ ಒಂದೇ: ಹಾಯಿ ಸರಿ ಇಲ್ಲದಿದ್ದರೆ ದೋಣಿ ಎಷ್ಟು ವೇಗದಲ್ಲಿ ಹೋಗಬಲ್ಲದು? ಹಿಂದಿನ ದಿನಗಳ ಚುಕ್ಕೆಗಳನ್ನು ನೋಡಿ ತಮ್ಮ 3ರಿಂದ 6.5 ನಾಟ್ ಎಂದರು. 30 ಗಂಟೆಗೆ 90ರಿಂದ 195 ನಾಟಿಕಲ್ ಮೈಲಿ. ಅಧಿಕಾರಿ ಅದನ್ನಿಟ್ಟುಕೊಂಡು ಕೊನೆಯ ಚುಕ್ಕೆಯಿಂದ ಪಶ್ಚಿಮಕ್ಕೆ ಅಗಲವಾಗುತ್ತಾ ಹೋಗುವ ಒಂದು ಪಟ್ಟೆ ಎಳೆದುಕೊಂಡರು. ಆ ಪ್ರದೇಶದ ಹೊಣೆ ಇರುವ ಕೇಂದ್ರಕ್ಕೆ ವಿಷಯ ಹೋಯಿತು. ಹಡಗುಗಳಿಗೆ ಉಪಗ್ರಹದ ಮೂಲಕ ಸೂಚನೆ ಹೋಯಿತು, ಇಂಥ ದೋಣಿ ಕಂಡರೆ ತಿಳಿಸಿ ಎಂದು. ಅಷ್ಟು ದೂರಕ್ಕೆ ದಡದಿಂದ ಹೆಲಿಕಾಪ್ಟರ್ ಹೋಗಲಾರದು. ನಡು ಅಟ್ಲಾಂಟಿಕ್‌ನಲ್ಲಿ ನೆರವಿಗೆ ಬರುವುದು ಸಾಮಾನ್ಯವಾಗಿ ಆ ದಾರಿಯಲ್ಲಿ ಹೋಗುತ್ತಿರುವ ಸರಕು ಹಡಗೇ.

ಇನ್ನೊಂದು ಕರೆ

ಇದರ ನಡುವೆ ಗುಂಪಿನ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, ಬೇರೊಂದು ದೇಶದ ರಕ್ಷಣಾ ಕೇಂದ್ರಕ್ಕೆ ತಾವೇ ಫೋನ್ ಮಾಡಿದರು. ದೋಣಿ ಒಂದೇ ಕಡೆ ನಿಂತು ಒಂದು ದಿನದ ಮೇಲಾಯಿತು ಎಂದರು. ಜಾಗ ಕೇಳಿದಾಗ "ಹದಿನಾರು, ನಲವತ್ತೆರಡು, ನಲವತ್ತೊಂದು, ಮೂವತ್ತು" ಎಂದು ಓದಿ ಹೇಳಿದರು.

ಟ್ರ್ಯಾಕರ್ ಪುಟ ತೋರಿಸುತ್ತಿದ್ದದ್ದು ದಶಮಾಂಶದ ಡಿಗ್ರಿ. ನಾವಿಕರು ಮಾತಾಡುವುದು ಡಿಗ್ರಿ ಮತ್ತು ಮಿನಿಟುಗಳಲ್ಲಿ, ಒಂದು ಡಿಗ್ರಿಗೆ 60 ಮಿನಿಟು. 16.42 ಡಿಗ್ರಿ ಅಂದರೆ 16 ಡಿಗ್ರಿ 25.2 ಮಿನಿಟು. ಅದನ್ನು 16 ಡಿಗ್ರಿ 42 ಮಿನಿಟು ಎಂದು ಬರೆದುಕೊಂಡರೆ ಉತ್ತರಕ್ಕೆ ಸುಮಾರು 17 ನಾಟಿಕಲ್ ಮೈಲಿ ತಪ್ಪು. ರೇಖಾಂಶದ ತಪ್ಪೂ ಸೇರಿದರೆ ಒಟ್ಟು 20 ನಾಟಿಕಲ್ ಮೈಲಿ, ಅಂದರೆ 37 ಕಿಲೋಮೀಟರ್. ಸಮುದ್ರದಿಂದ 25 ಮೀಟರ್ ಎತ್ತರದ ಬ್ರಿಡ್ಜ್‌ನಲ್ಲಿ (ಹಡಗು ನಡೆಸುವ ಕೋಣೆಯಲ್ಲಿ) ನಿಂತವರಿಗೆ ದಿಗಂತ ಇರುವುದೇ ಸುಮಾರು 10 ನಾಟಿಕಲ್ ಮೈಲಿ ದೂರದಲ್ಲಿ. ಆ ಅಂಕಿ ನಂಬಿ ಹಡಗು ಹೋಗಿದ್ದರೆ ದೋಣಿ ಕಣ್ಣಳತೆಗೇ ಬರುತ್ತಿರಲಿಲ್ಲ.

ಆ ಕೇಂದ್ರದ ಅಧಿಕಾರಿ ಅನುಭವಸ್ಥರು. ಇದು ಡಿಗ್ರಿಯ ದಶಮಾಂಶವೋ ಮಿನಿಟೋ ಎಂದು ಕೇಳಿದರು. ಫೋನ್ ಮಾಡಿದವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಒಂದೇ ದೋಣಿಗೆ ಎರಡು ಕಡೆ ಎರಡು ಫೈಲ್ ತೆರೆದವು, ಎರಡರಲ್ಲೂ ಬೇರೆ ಬೇರೆ ಜಾಗ. ಅವನ್ನು ತಾಳೆ ಹಾಕಿ ಒಂದು ಮಾಡಲು ಕೇಂದ್ರದವರ ಸಮಯ ಸುಮ್ನೆ ಹಾಳಾಯಿತು. ಆ ಸ್ನೇಹಿತರಿಗೆ ತಮ್ಮ ಬೈಯಲಿಲ್ಲ. ಅಮ್ಮನ ಜೊತೆ ಇರುವ ಕೆಲಸ ಅವರಿಗೆ ವಹಿಸಿದರು. ಈ ಪ್ರಕರಣದಲ್ಲಿ ನನಗೆ ಬಹಳ ಹಿಡಿಸಿದ ತೀರ್ಮಾನ ಅದು. ಗಾಬರಿಯಾದವರಿಗೆ ಸುಮ್ಮನಿರಿ ಎಂದರೆ ಇರುವುದಿಲ್ಲ, ಕೈಗೊಂದು ಕೆಲಸ ಬೇಕು.

ದೋಣಿಯಲ್ಲಿ ಆಗಿದ್ದೇನು

ಕೊನೆಯ ಚುಕ್ಕೆ ಹೋಗಿ ಎರಡು ಗಂಟೆಯಾದ ಮೇಲೆ, ಕತ್ತಲಲ್ಲಿ ಮಳೆಗಾಳಿ ಬಂತು. ವಾಣಿಜ್ಯ ಮಾರುತದ ದಾರಿಯಲ್ಲಿ ಇದು ಮಾಮೂಲಿ. ಇಂಥ ಸಣ್ಣ ಮಳೆಮೋಡಗಳು ಹವಾಮಾನ ನಕ್ಷೆಯಲ್ಲಿ ಕಾಣುವುದೂ ಇಲ್ಲ. ಒಂದು ಅಲೆ ಹಿಂದಿನಿಂದ ಏರಿ ಬಂದು, ತೆರೆದಿದ್ದ ಬಾಗಿಲಿನಿಂದ ಮೆಟ್ಟಿಲಿಳಿದು ಒಳಗೆ ಸುರಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮೆಟ್ಟಿಲ ಪಕ್ಕದಲ್ಲೇ ವಿದ್ಯುತ್ ಫಲಕ ಇತ್ತು. ಟ್ರ್ಯಾಕರ್, ಎಐಎಸ್, ದೊಡ್ಡ ರೇಡಿಯೊ, ಆಟೋಪೈಲಟ್ ಎಲ್ಲಕ್ಕೂ ತಂತಿ ಅಲ್ಲಿಂದಲೇ. ಉಪಗ್ರಹ ಫೋನ್ ಕೂಡ ಅದರ ಕೆಳಗೆ ಚಾರ್ಜಿಗೆ ಕೂತಿತ್ತು. ಉಪ್ಪುನೀರು ಎಲ್ಲವನ್ನೂ ಒಂದೇ ಏಟಿಗೆ ಮಲಗಿಸಿತು.

ದಾರಿ ತಪ್ಪುವ ಭಯ ಇರಲಿಲ್ಲ. ಮೊಬೈಲ್‌ಗಳಲ್ಲಿ ಜಿಪಿಎಸ್ ಇತ್ತು, ಬ್ಯಾಟರಿ ಹಾಕುವ ಸಣ್ಣ ಜಿಪಿಎಸ್ ಒಂದಿತ್ತು. ಕಷ್ಟ ಇದ್ದದ್ದು ಚುಕ್ಕಾಣಿಯದು. ಆಟೋಪೈಲಟ್ ಇಲ್ಲದೆ ಹಿಂಗಾಳಿಯಲ್ಲಿ ಹಗಲೂ ರಾತ್ರಿ ಕೈಯಲ್ಲೇ ಚುಕ್ಕಾಣಿ ಹಿಡಿಯಬೇಕು. ಒಬ್ಬೊಬ್ಬರಿಗೆ ಎರಡೆರಡು ಗಂಟೆಯ ಪಾಳಿ. ಲಾಗ್ ಪುಸ್ತಕದಲ್ಲಿ ಆ ರಾತ್ರಿಯ ಅಕ್ಷರ ವಕ್ರವಕ್ರ. ಒಂದು ಕಡೆ ಗಂಟೆ ಬರೆದು ಮುಂದೆ ಖಾಲಿ ಬಿಟ್ಟಿದೆ.

ಮರುದಿನ ಸಂಜೆ ಒಳಗೇ ಒಂದು ವಾದ ನಡೆಯಿತು. ಗೆಳೆಯರಲ್ಲಿ ಒಬ್ಬರು ಇಪರ್ಬ್ ಒತ್ತೋಣ ಎಂದರು. ಮನೆಯವರು ಸತ್ತೇ ಹೋದರು ಅಂದುಕೊಂಡಿರುತ್ತಾರೆ, ಒತ್ತಿದರೆ ಬದುಕಿದ್ದೇವೆ ಅಂತಾದರೂ ಗೊತ್ತಾಗುತ್ತದೆ ಎಂಬುದು ಅವರ ವಾದ. ಸ್ಕಿಪ್ಪರ್ ಒಪ್ಪಲಿಲ್ಲ. ಇಪರ್ಬ್‌ಗೆ ಇರುವ ಅರ್ಥ ಒಂದೇ: ಪ್ರಾಣಾಪಾಯ, ಈಗಲೇ ಬನ್ನಿ. ಒತ್ತಿದರೆ ಯಾವುದೋ ಹಡಗು ದಾರಿ ಬಿಟ್ಟು ನಮ್ಮ ಕಡೆ ತಿರುಗುತ್ತದೆ, ನಿಜವಾಗಿ ಮುಳುಗುತ್ತಿರುವ ಇನ್ನೊಬ್ಬರಿಗೆ ಅದು ಸಿಗದೆ ಹೋಗಬಹುದು ಎಂದರು. ಜೊತೆಗೆ ಅವರ ಲೆಕ್ಕ ಇನ್ನೊಂದಿತ್ತು: ಯೋಜನೆಯಲ್ಲಿ 48 ಗಂಟೆ ಎಂದಿದೆ, ಅಲ್ಲಿಯವರೆಗೆ ತಮ್ಮ ಯಾರಿಗೂ ಹೇಳುವುದಿಲ್ಲ. ಈ ಲೆಕ್ಕ ತಪ್ಪಾಗಿತ್ತು, ಆದರೆ ತೀರ್ಮಾನ ಸರಿಯಾಗಿತ್ತು.

ಕೈಯಲ್ಲಿ ಹಿಡಿಯುವ ಒಂದು ವಿಎಚ್‌ಎಫ್ ರೇಡಿಯೊ ಉಳಿದಿತ್ತು. ಮೊದಲ ರಾತ್ರಿ ಕಂಡ ಹಡಗು ತುಂಬಾ ದೂರದಲ್ಲಿತ್ತು, ಕೂಗಿದರೂ ಉತ್ತರ ಬರಲಿಲ್ಲ. ಸುಮಾರು ಐವತ್ತನೇ ಗಂಟೆಗೆ ಐದಾರು ಮೈಲಿ ದೂರದಲ್ಲಿ ಇನ್ನೊಂದು ಸರಕು ಹಡಗಿನ ದೀಪ ಕಂಡಿತು. ಹಡಗುಗಳು ಸದಾ ಕಿವಿಗೊಟ್ಟಿರುವ ಚಾನೆಲ್ 16ರಲ್ಲಿ ಕರೆದಾಗ ಅಧಿಕಾರಿ ತಕ್ಷಣ ಓಗೊಟ್ಟರು. ನಿಮ್ಮನ್ನು ಹುಡುಕುತ್ತಿದ್ದಾರೆ, ಸೂಚನೆ ನಮ್ಮ ಮುಂದೆಯೇ ಇದೆ ಎಂದರು. ಸ್ಕಿಪ್ಪರ್ ಜಾಗ ಹೇಳಿದರು. ನಾಲ್ವರೂ ಕ್ಷೇಮ, ಹಾಯಿಯಲ್ಲೇ ಮುಂದುವರಿಯುತ್ತೇವೆ, ನೆರವು ಬೇಡ, ಇದನ್ನು ದಡಕ್ಕೆ ತಲುಪಿಸಿ ಎಂದರು. ಸ್ವಲ್ಪ ಹೊತ್ತಿನಲ್ಲಿ ತಮ್ಮನ ಫೋನ್ ರಿಂಗಾಯಿತು. ಅಧಿಕಾರಿ ಎಳೆದಿದ್ದ ಪಟ್ಟೆಯನ್ನು ಆ ಹೊತ್ತಿನವರೆಗೆ ಬೆಳೆಸಿದರೆ ದೋಣಿ ಅದರೊಳಗೇ, ದಕ್ಷಿಣದ ಅಂಚಿಗೆ ಹತ್ತಿರ ಇತ್ತು.

ಉಳಿದ ದಾರಿ ಕೈ ಚುಕ್ಕಾಣಿಯಲ್ಲೇ ಮುಗಿಯಿತು. ಇಪ್ಪತ್ತಮೂರನೇ ದಿನ ಮಾರ್ಟಿನೀಕ್‌ನ ಲ ಮರಾಂ ತಲುಪಿದರು.

ಬದಲಿಸಿದ್ದು, ಬದಲಿಸದೆ ಉಳಿದದ್ದು

ಸಾಧನದ ಕಡೆಯ ಪಾಠ ಬೇಗ ಮುಗಿಯಿತು. ಒಳಗೇ ಬ್ಯಾಟರಿ ಇರುವ ಒಂದು ಪುಟ್ಟ ಉಪಗ್ರಹ ಸಂದೇಶ ಸಾಧನ ಕೊಂಡು, ನೀರು ಹೋಗದ ಚೀಲದಲ್ಲಿ ಹಾಕಿ, ಫಲಕದಿಂದ ದೂರ ಮುಂದಿನ ಕ್ಯಾಬಿನ್‌ನಲ್ಲಿಟ್ಟರು. ಎರಡು ಸಾಧನ ಇದ್ದವು ನಿಜ, ಎರಡಕ್ಕೂ ನೀರು ಬೀಳುವ ಜಾಗ ಒಂದೇ ಆಗಿತ್ತು.

ಯೋಜನೆಯ ಪುಟವನ್ನು ಹೊಸದಾಗಿ ಬರೆದರು. ಟ್ರ್ಯಾಕರ್ ಮಾತ್ರ ನಿಂತರೆ ಒಂದು ಗಡುವು, ಎಲ್ಲವೂ ನಿಂತರೆ ಇನ್ನೊಂದು. ಸುದ್ದಿ ಕಳಿಸಲಾಗದಿದ್ದರೆ ದೋಣಿ ಏನು ಮಾಡುತ್ತದೆ ಅನ್ನುವುದೂ ಈಗ ಅದರಲ್ಲಿದೆ: ದಾರಿ ಬದಲಿಸುವುದಿಲ್ಲ, ಕಂಡ ಹಡಗನ್ನೆಲ್ಲ ಕರೆಯುತ್ತದೆ. ಹುಡುಕುವವರಿಗೆ ಇದು ದೊಡ್ಡ ಸಹಾಯ, ಯಾಕೆಂದರೆ ದಡದವರ ಊಹೆಗೆ ಒಂದು ಆಧಾರ ಸಿಗುತ್ತದೆ. ಟ್ರ್ಯಾಕರ್ ಪುಟದ ಸೆಟ್ಟಿಂಗ್ ಬದಲಿಸಿ ಡಿಗ್ರಿ ಮತ್ತು ಮಿನಿಟು ತೋರಿಸುವಂತೆ ಮಾಡಿದರು. ನೋಡುವವರ ಲಿಂಕ್ ಹಾಗೇ ಇದೆ, ರಕ್ಷಣಾ ಕೇಂದ್ರದ ನಂಬರ್ ಇಬ್ಬರ ಹತ್ತಿರ ಮಾತ್ರ ಇದೆ.

ಒಪ್ಪಂದವಾಗದೆ ಉಳಿದದ್ದು ಎಲ್ಲವೂ ನಿಂತಾಗಿನ ಗಡುವು. ತಮ್ಮ 24 ಗಂಟೆ ಸಾಕು ಎನ್ನುತ್ತಾರೆ. ಅಕ್ಕನಿಗೆ 48 ಬೇಕು. ದಡದಲ್ಲಿ ಯಾರೋ ಗಡಿಯಾರ ನೋಡುತ್ತಿದ್ದಾರೆ ಎಂಬ ಒತ್ತಡಕ್ಕೆ ದಣಿದ ಕೈಗಳು ಅವಸರದಲ್ಲಿ ರಿಪೇರಿಗೆ ಇಳಿಯುತ್ತವೆ, ಅದೇ ಅಪಾಯ ಎಂಬುದು ಅವರ ವಾದ. ಮೇ ತಿಂಗಳಲ್ಲಿ ಅಝೋರ್ಸ್ ಮೂಲಕ ವಾಪಸ್ ಹೊರಟಾಗ ಪುಟದಲ್ಲಿ 36 ಎಂದು ಬರೆದುಕೊಂಡರು. ಅದರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ತಮ್ಮ ಹಾಕಿಟ್ಟಿದ್ದಾರೆ.